ದಿಣ್ಣೆಯೋ, ಬೆಟ್ಟವೋ? ರೋಡ್ ಸೈಕ್ಲಿಂಗ್‌ನಲ್ಲಿ ನಿಜವಾದ ಏರನ್ನು ಅಳೆಯುವ ಸಮಗ್ರ ಮಾರ್ಗದರ್ಶಿ

ಫ್ಲೈಓವರ್‌ಗಳನ್ನು ಹತ್ತಿಳಿದು ತಿಂಗಳುಗಟ್ಟಲೆ ತಯಾರಿ ಮಾಡಿದವರು ನಂದಿ ಬೆಟ್ಟದ ಅರ್ಧದಾರಿಯಲ್ಲಿ ಸೈಕಲ್ ತಳ್ಳಿಕೊಂಡು ನಡೆಯುವುದು ಭಾನುವಾರದ ಬೆಳಿಗ್ಗೆ ಕಾಣುವ ಮಾಮೂಲಿ ದೃಶ್ಯ. ಅವರ ಕಾಲಲ್ಲಿ ಕಸುವಿಲ್ಲ ಎಂದಲ್ಲ. ಅವರು ಏರು ಅಂದುಕೊಂಡು ಅಭ್ಯಾಸ ಮಾಡಿದ್ದು ಏರೇ ಆಗಿರಲಿಲ್ಲ. ಇದರ ಉಲ್ಟಾ ತಪ್ಪೂ ಇದೆ. 'ಇಪ್ಪತ್ತು ಕಿಲೋಮೀಟರ್ ಘಾಟಿ' ಎಂಬ ಮಾತು ಕೇಳಿಯೇ ಹೆದರಿ, ಆರಾಮಾಗಿ ಹತ್ತಬಹುದಾದ ದಾರಿಯನ್ನು ಬಿಟ್ಟುಬಿಡುವವರಿದ್ದಾರೆ.

ಎರಡಕ್ಕೂ ಕಾರಣ ಒಂದೇ: ಕಣ್ಣಳತೆ. ಏರನ್ನು ಮನೆಯಲ್ಲೇ ಕೂತು ಮೊದಲು ಲೆಕ್ಕ ಹಾಕಬೇಕು, ಆಮೇಲೆ ರಸ್ತೆಯಲ್ಲಿ ಪರೀಕ್ಷಿಸಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹೆಚ್ಚಿನವರು ಗೇರ್ ಬದಲಿಸುವುದರಿಂದ ಶುರು ಮಾಡುತ್ತಾರೆ. ಅದು ಐದನೇ ಹಂತದ ಕೆಲಸ.

ಬೇಕಾದ ಸಾಮಾನು

ಎತ್ತರದ ನಕ್ಷೆ ತೋರಿಸುವ ಯಾವುದಾದರೂ ರೂಟ್ ಆ್ಯಪ್, ಕಾಗದ, ಪೆನ್ನು. ಜಿಪಿಎಸ್ ಸೈಕಲ್ ಕಂಪ್ಯೂಟರ್ ಇದ್ದರೆ ಒಳ್ಳೆಯದು, ಅದರಲ್ಲೂ ಬ್ಯಾರೋಮೀಟರ್ ಇರುವಂಥದ್ದು. ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ನಿಮ್ಮ ಸೈಕಲ್ಲಿನ ಮುಂದಿನ ಚಿಕ್ಕ ಚೈನ್‌ರಿಂಗ್ (ಪೆಡಲ್ ಹತ್ತಿರದ ಹಲ್ಲಿನ ಚಕ್ರ) ಮತ್ತು ಹಿಂದಿನ ಕ್ಯಾಸೆಟ್‌ನ (ಹಿಂದಿನ ಗಾಲಿಯ ಹಲ್ಲಿನ ಚಕ್ರಗಳ ಗೊಂಚಲು) ಅತಿ ದೊಡ್ಡ ಚಕ್ರದಲ್ಲಿ ಎಷ್ಟು ಹಲ್ಲುಗಳಿವೆ ಎಂದು ಎಣಿಸಿ ಬರೆದಿಟ್ಟುಕೊಳ್ಳಿ. ಇನ್ನೊಂದು ಸಾಮಾನು ಇದ್ದರೆ ಅನುಮಾನವೇ ಉಳಿಯುವುದಿಲ್ಲ: ಗಾರೆ ಕೆಲಸದವರು ಬಳಸುವ ರಸಮಟ್ಟ, ಜೊತೆಗೆ ಸರಿಯಾಗಿ ಒಂದು ಮೀಟರ್ ಉದ್ದದ ನೇರ ಪಟ್ಟಿ.

ಹಂತ 1: ಏರಿನ ಬುಡ ಮತ್ತು ತುದಿಯನ್ನು ಗುರುತಿಸಿ

ಬುಡ ಎಂದರೆ ದಾರಿ ಕೊನೆಯ ಬಾರಿ ಸಮತಟ್ಟಾಗಿದ್ದ ಜಾಗ. ತುದಿ ಎಂದರೆ ಇಳಿಜಾರು ಶುರುವಾಗುವ ಜಾಗ. ನಡುವೆ ನೂರಿನ್ನೂರು ಮೀಟರ್ ಸಮತಟ್ಟಾದರೆ ಚಿಂತೆಯಿಲ್ಲ, ಅದು ಅದೇ ಏರಿನ ಭಾಗ. ಆದರೆ ನಡುವೆ ಗಾಲಿ ತಾನಾಗಿ ಓಡುವಷ್ಟು ಇಳಿಜಾರು ಬಂದು ಕಾಲಿಗೆ ಒಂದೆರಡು ನಿಮಿಷ ಬಿಡುವು ಸಿಕ್ಕರೆ ಅವು ಎರಡು ಬೇರೆ ಏರುಗಳು. ಬೇರೆಬೇರೆಯಾಗಿಯೇ ಲೆಕ್ಕ ಹಾಕಿ.

ಇಲ್ಲಿ ಆಗುವ ತಪ್ಪೆಂದರೆ ಊರಿಂದ ಊರಿಗೆ ಅಳೆಯುವುದು. ಬೆಂಗಳೂರಿನ ಮನೆಯಿಂದ ನಂದಿಯ ತುದಿಯವರೆಗಿನ ಸುಮಾರು ಅರವತ್ತು ಕಿ.ಮೀ. ದಾರಿಯ ಸರಾಸರಿ ಏರು ತೆಗೆದರೆ ಶೇ. 1ಕ್ಕಿಂತ ಕಡಿಮೆ ಬರುತ್ತದೆ, ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ಬೆಟ್ಟದ ಬುಡದ ಕ್ರಾಸಿನಿಂದ ಮೇಲಿನವರೆಗಿನ ಏಳೂವರೆ ಕಿ.ಮೀ. ಆಸುಪಾಸಿನ ದಾರಿಯನ್ನಷ್ಟೇ ತೆಗೆದುಕೊಳ್ಳಿ.

ಹಂತ 2: ಎರಡೇ ಅಂಕಿ ಬರೆದುಕೊಳ್ಳಿ

ಒಂದು, ಬುಡದಿಂದ ತುದಿಗೆ ಎಷ್ಟು ಮೀಟರ್ ಎತ್ತರ ಏರುತ್ತೀರಿ. ಎರಡು, ಅದಕ್ಕೆ ಎಷ್ಟು ಮೀಟರ್ ದಾರಿ. ಎತ್ತರವನ್ನು ದೂರದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾವಾರು ಏರು, ಅಂದರೆ ಗ್ರೇಡಿಯೆಂಟ್. ನೂರು ಮೀಟರ್ ದಾರಿಗೆ ಐದು ಮೀಟರ್ ಏರಿದರೆ ಶೇ. 5. ಶೇ. 100 ಎಂದರೆ ಗೋಡೆಯಂಥ ನೇರ ಏರು ಎಂದು ಹಲವರು ತಿಳಿದಿದ್ದಾರೆ. ನಿಖರ ಲೆಕ್ಕದಲ್ಲಿ ಭಾಗಿಸುವುದು ಅಡ್ಡಡ್ಡ ದೂರದಿಂದ (ಸಾಮಾನ್ಯ ರಸ್ತೆಯಲ್ಲಿ ದಾರಿಯ ದೂರಕ್ಕೂ ಅದಕ್ಕೂ ವ್ಯತ್ಯಾಸ ಅತ್ಯಲ್ಪ), ಹಾಗಾಗಿ ಅದು 45 ಡಿಗ್ರಿ ಕೋನ ಮಾತ್ರ. ಶೇ. 10ರ ಏರು 6 ಡಿಗ್ರಿಯೂ ಆಗುವುದಿಲ್ಲ, ಆದರೂ ಸೈಕಲ್ ಮೇಲೆ ಕೂತವರಿಗೆ ಅದು ಕಡಿದಾದ ದಾರಿಯೇ.

ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂಬ ಅಂಕಿಯನ್ನು ಇಲ್ಲಿ ತರಬೇಡಿ. ನಂದಿಯ ತುದಿ 1478 ಮೀ. ಎತ್ತರದಲ್ಲಿದೆ ಎನ್ನುವುದು ನಿಜ, ಆದರೆ ನೀವು ಹೊರಡುವ ಬೆಂಗಳೂರೇ 900 ಮೀ. ಮೀರಿದ ಎತ್ತರದಲ್ಲಿದೆ. ನಿಮ್ಮ ಕಾಲು ಬುಡದಿಂದ ಹತ್ತುವುದು 400 ಮೀ. ಚಿಲ್ಲರೆ. ಆಗುಂಬೆ ಊರು ಇರುವುದು 650 ಮೀ. ಆಸುಪಾಸಿನಲ್ಲಿ, ಬೆಂಗಳೂರಿಗಿಂತಲೂ ಕೆಳಗೆ. ಆದರೂ ಸೋಮೇಶ್ವರದ ಕಡೆಯಿಂದ, ಕರಾವಳಿಯ ಮಟ್ಟದಿಂದ ಹತ್ತಿ ಬಂದವರಿಗೆ ಅದು ಬೆಟ್ಟವೇ ಅಲ್ಲ ಎನ್ನಲು ಬಾಯಿ ಬರುವುದಿಲ್ಲ.

ತಿರುವುಗಳನ್ನು ಎಣಿಸಿ ಬೆಟ್ಟ ಅಳೆಯುವುದೂ ಬೇಡ. ಆಗುಂಬೆಗೆ 14 ಹೇರ್‌ಪಿನ್, ಮಸಿನಗುಡಿಯಿಂದ ಊಟಿಗೆ ಹೋಗುವ ಕಲ್ಲಟ್ಟಿಗೆ 36, ತಮಿಳುನಾಡಿನ ಕೊಲ್ಲಿಮಲೆಗೆ 70. ತಿರುವುಗಳನ್ನು ಕಡಿದಿರುವುದೇ ಏರನ್ನು ತಗ್ಗಿಸಲು. ಮೂರರಲ್ಲಿ ತಿರುವು ಹೆಚ್ಚಿರುವುದು ಕೊಲ್ಲಿಮಲೆಗೆ, ಆದರೆ ಕಡಿದಾದ ಏರೆಂದು ಸೈಕ್ಲಿಸ್ಟರು ಹೆದರುವುದು ಕಲ್ಲಟ್ಟಿಗೆ.

ಹಂತ 3: ಗುಣಿಸಿ ನೋಡಿ

ಮೀಟರ್‌ನಲ್ಲಿರುವ ದೂರವನ್ನು ಶೇಕಡಾ ಏರಿನಿಂದ ಗುಣಿಸಿ. ಸೈಕ್ಲಿಸ್ಟರು ರೈಡ್ ದಾಖಲಿಸುವ ಆ್ಯಪ್ ಸ್ಟ್ರಾವಾ ಬಳಸುವುದು ಇದೇ ಲೆಕ್ಕ: ಸರಾಸರಿ ಏರು ಕನಿಷ್ಠ ಶೇ. 3 ಇದ್ದು, ಗುಣಲಬ್ಧ 8,000 ದಾಟಿದರೆ ನಾಲ್ಕನೇ ದರ್ಜೆಯ ಏರು. 16,000 ದಾಟಿದರೆ ಮೂರನೇ ದರ್ಜೆ, 32,000ಕ್ಕೆ ಎರಡನೆಯದು, 64,000ಕ್ಕೆ ಒಂದನೆಯದು. 80,000 ಮೀರಿದ್ದು ದರ್ಜೆಯನ್ನೇ ಮೀರಿದ ಏರು. ದರ್ಜೆಯ ಹೆಸರುಗಳು ಟೂರ್ ಡಿ ಫ್ರಾನ್ಸ್‌ನಿಂದ ಬಂದವು. ಅಲ್ಲಿ ಮಾತ್ರ ಆಯೋಜಕರೇ ತೀರ್ಮಾನಿಸುತ್ತಾರೆ, ಇಂಥದೊಂದು ಕಟ್ಟುನಿಟ್ಟಿನ ಸೂತ್ರವಿಲ್ಲ.

ನಂದಿಯನ್ನು ಹಾಕಿ ನೋಡಿ. 7,500 ಮೀ., ಶೇ. 5.5. ಗುಣಿಸಿದರೆ 41,250, ಎರಡನೇ ದರ್ಜೆ. ಫ್ರಾನ್ಸ್‌ನ ಹೆಸರಾಂತ ಆಲ್ಪ್ ದುಯೆಜ್ 13.8 ಕಿ.ಮೀ., ಶೇ. 8.1. ಗುಣಿಸಿದರೆ 1,11,000 ದಾಟುತ್ತದೆ. ಇನ್ನು ನಗರದ ಫ್ಲೈಓವರ್: 200 ಮೀ. ಏರು, ಶೇ. 4. ಗುಣಲಬ್ಧ 800. ಅತಿ ಕಿರಿಯ ದರ್ಜೆಯ ಹತ್ತರಲ್ಲಿ ಒಂದು ಪಾಲು.

ಈ ಲೆಕ್ಕದ ಒಳಗುಟ್ಟು ಸರಳ. ಗುಣಲಬ್ಧವನ್ನು ನೂರರಿಂದ ಭಾಗಿಸಿದರೆ ಬರುವುದು ನೀವು ಏರಿದ ಎತ್ತರವೇ. ಹಾಗಾಗಿ 8,000 ಎಂದರೆ 80 ಮೀ. ಎತ್ತರ. ಕ್ಯಾಲ್ಕುಲೇಟರ್ ಇಲ್ಲದೆಯೂ ನೆನಪಿಡಬಹುದು: ಶೇ. 3ಕ್ಕೆ ಕಡಿಮೆಯಿಲ್ಲದ ಏರಿನಲ್ಲಿ ಬಿಡುವಿಲ್ಲದೆ 80 ಮೀ. ಮೇಲೇರಿಸುವ ದಾರಿಯಿಂದ ಬೆಟ್ಟದ ಲೆಕ್ಕ ಶುರು.

ಈ ಗಡಿ ಸರಿ ಎಂದು ನಾನು ಒಪ್ಪುವುದಕ್ಕೆ ಕಾರಣ ಓಟದ ಬಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಏರಿಗೆ ನುಗ್ಗಿದರೆ ಆ ವೇಗವೊಂದೇ ನಿಮ್ಮನ್ನು ಸುಮಾರು ಮೂರೂವರೆ ಮೀಟರ್ ಎತ್ತರಕ್ಕೆ ಒಯ್ಯಬಲ್ಲದು. ಎಂಟು ಮೀಟರ್ ಎತ್ತರದ ಫ್ಲೈಓವರಿನಲ್ಲಿ ಹೆಚ್ಚುಕಡಿಮೆ ಅರ್ಧ ಕೆಲಸ ಅಲ್ಲೇ ಮುಗಿಯಿತು. 80 ಮೀ. ಏರಿನಲ್ಲಿ ಅದೇ ಓಟ ನೂರರಲ್ಲಿ ನಾಲ್ಕು ಪಾಲಿನ ಕೆಲಸವನ್ನಷ್ಟೇ ಮಾಡುತ್ತದೆ, ಉಳಿದದ್ದೆಲ್ಲ ಕಾಲಿನದು. ಓಟದಿಂದ ದಾಟಬಹುದಾದದ್ದು ದಿಣ್ಣೆ. ಓಟ ಸತ್ತ ಮೇಲೂ ಮುಂದುವರಿಯುವುದು ಬೆಟ್ಟ.

ಹಂತ 4: ಸರಾಸರಿಯನ್ನು ನಂಬದೆ ಕಿಲೋಮೀಟರಿಗೊಂದು ತುಂಡು ಮಾಡಿ

ಜನ ಕೈಸೋಲುವುದು ಇಲ್ಲೇ, ಆದ್ದರಿಂದ ಇಲ್ಲಿ ಅವಸರ ಬೇಡ.

ಐದು ಕಿ.ಮೀ. ಉದ್ದದ, 250 ಮೀ. ಎತ್ತರದ ಎರಡು ಏರುಗಳಿವೆ ಎಂದಿಟ್ಟುಕೊಳ್ಳಿ. ಎರಡರದೂ ಸರಾಸರಿ ಶೇ. 5. ಮೊದಲನೆಯದರಲ್ಲಿ ಪ್ರತಿ ಕಿಲೋಮೀಟರೂ ಶೇ. 5. ಎರಡನೆಯದರಲ್ಲಿ ಕ್ರಮವಾಗಿ ಶೇ. 2, 2, 4, 8, 9. ಮೊದಲನೆಯದನ್ನು ಒಂದೇ ಲಯದಲ್ಲಿ ಹತ್ತಬಹುದು. ಎರಡನೆಯದರಲ್ಲಿ ಮೊದಲ ಮೂರು ಕಿಲೋಮೀಟರ್ 'ಇಷ್ಟೇನಾ?' ಎನ್ನಿಸಿ, ಉತ್ಸಾಹದಿಂದ ತುಳಿದು, ಕೊನೆಯ ಎರಡು ಕಿಲೋಮೀಟರಿನಲ್ಲಿ ಕಾಲು ಕೈಕೊಡುತ್ತದೆ. ನಂದಿಯ ಸ್ವಭಾವ ಈ ಎರಡನೆಯದಕ್ಕೆ ಹತ್ತಿರ: ಮೇಲಿನ ತಿರುವುಗಳು ಕೆಳಗಿನ ಭಾಗಕ್ಕಿಂತ ಕಡಿದು. ಅಲ್ಲಿ ನಡೆದುಹೋಗುವವರಲ್ಲಿ ಹೆಚ್ಚಿನವರು ಕೆಳಗಿನ ಅರ್ಧವನ್ನು ಅತಿ ವೇಗದಲ್ಲಿ ಹತ್ತಿದವರು.

ಆ್ಯಪಿನ ಎತ್ತರದ ನಕ್ಷೆಯ ಮೇಲೆ ಬೆರಳಿಟ್ಟು ಸರಿಸುತ್ತ ಪ್ರತಿ ಕಿಲೋಮೀಟರಿನ ಕೊನೆಯ ಎತ್ತರ ಬರೆದುಕೊಳ್ಳಿ. ಒಂದರಿಂದ ಇನ್ನೊಂದನ್ನು ಕಳೆದು ಹತ್ತರಿಂದ ಭಾಗಿಸಿದರೆ ಆ ಕಿಲೋಮೀಟರಿನ ಶೇಕಡಾ ಏರು. ಶೇ. 7 ಮೀರಿದ ಸಾಲುಗಳ ಕೆಳಗೆ ಗೆರೆ ಎಳೆಯಿರಿ. ಆ ಚೀಟಿಯನ್ನು ಹ್ಯಾಂಡಲ್ ಸ್ಟೆಮ್ಮಿಗೆ ಟೇಪಿನಿಂದ ಅಂಟಿಸಿ.

*ಆ್ಯಪ್ ಸುಳ್ಳು ಹೇಳುವ ಜಾಗಗಳು.* ಇದನ್ನು ತಿಳಿಯದೆ 'ಶೇ. 24 ಏರು ಹತ್ತಿದೆ' ಎಂದು ಹೇಳಿಕೊಳ್ಳುವವರು ಬಹಳ. ಹೆಚ್ಚಿನ ಆ್ಯಪ್‌ಗಳು ಎತ್ತರ ತೆಗೆಯುವುದು ಉಪಗ್ರಹದ ಮೇಲ್ಮೈ ನಕ್ಷೆಯಿಂದ. ಅದರ ಚೌಕ ಸಾಮಾನ್ಯವಾಗಿ ಮೂವತ್ತು ಮೀಟರ್ ಅಥವಾ ಅದಕ್ಕಿಂತ ದೊಡ್ಡದು. ಗುಡ್ಡದ ಪಕ್ಕೆ ಕೊರೆದು ಮಾಡಿದ ಘಾಟಿ ರಸ್ತೆಯಲ್ಲಿ ನಿಮ್ಮ ಗುರುತು ಹತ್ತು ಮೀಟರ್ ಆಚೀಚೆ ಆದರೆ ಸಾಕು, ಆ್ಯಪ್ ರಸ್ತೆಯ ಬದಲು ಪಕ್ಕದ ಬಂಡೆಯ ಅಥವಾ ಪ್ರಪಾತದ ಎತ್ತರ ಹಿಡಿಯುತ್ತದೆ. ಸೇತುವೆಯ ಮೇಲೆ ಹೋದರೆ ಹಳ್ಳಕ್ಕೆ ಇಳಿದು ಹತ್ತಿದಂತೆ ತೋರಿಸುತ್ತದೆ. ಚಾರ್ಮಾಡಿ, ಆಗುಂಬೆಯಂಥ ದಟ್ಟ ಮರಗಳ ನಡುವೆ ಮೊಬೈಲ್ ಜಿಪಿಎಸ್ ಅಲೆದಾಡುತ್ತದೆ. ಹೀಗಾಗಿ 100 ಮೀಟರಿಗಿಂತ ಚಿಕ್ಕ ತುಂಡಿಗೆ ಬಂದ ಗರಿಷ್ಠ ಏರಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಬ್ಯಾರೋಮೀಟರ್ ಇರುವ ಕಂಪ್ಯೂಟರ್ ಹೆಚ್ಚು ನಂಬಿಕಸ್ಥ, ಆದರೆ ಅದು ಅಳೆಯುವುದು ಗಾಳಿಯ ಒತ್ತಡವನ್ನು. ಬೆಂಗಳೂರಿನ ಎತ್ತರದಲ್ಲಿ ಒತ್ತಡ ಒಂದು ಹೆಕ್ಟೋಪಾಸ್ಕಲ್ ಬದಲಾದರೆ ಸುಮಾರು ಒಂಬತ್ತು ಮೀಟರ್ ವ್ಯತ್ಯಾಸ. ಮಳೆ ಮೋಡ ಕವಿದರೆ ಕೂತಲ್ಲೇ ಎತ್ತರ ಬದಲಾಗುತ್ತದೆ. ಸಾಧನದ ಸಣ್ಣ ರಂಧ್ರಕ್ಕೆ ಬೆವರೋ ನೀರೋ ಕಟ್ಟಿದರೂ ಅಷ್ಟೇ. ಪರೀಕ್ಷೆ ಸುಲಭ: ಹೊರಟ ಜಾಗಕ್ಕೇ ಹಿಂತಿರುಗಿದಾಗ ಎರಡು ಎತ್ತರಗಳ ನಡುವೆ ಇಪ್ಪತ್ತು ಮೀಟರಿಗಿಂತ ಹೆಚ್ಚು ಅಂತರ ಬಂದರೆ ಆ ದಿನದ ಅಂಕಿ ಬಿಟ್ಟುಬಿಡಿ.

*ರಸಮಟ್ಟದ ಪರೀಕ್ಷೆ.* ನಿಮ್ಮ ಊರಿನ ಹತ್ತಿರದ ಏರನ್ನು ಅಭ್ಯಾಸಕ್ಕೆ ಬಳಸುವುದಾದರೆ ಒಮ್ಮೆ ಇದನ್ನು ಮಾಡಲೇಬೇಕು. ವಾಹನ ಓಡಾಡದ ಹೊತ್ತಿನಲ್ಲಿ, ಎರಡೂ ಕಡೆ ದೂರದವರೆಗೆ ಕಾಣುವ ನೇರ ಭಾಗದ ಅಂಚಿನಲ್ಲಿ, ಒಂದು ಮೀಟರ್ ಪಟ್ಟಿಯನ್ನು ಏರಿನ ದಿಕ್ಕಿಗೆ ಉದ್ದುದ್ದ ಇಡಿ. ಮೇಲೆ ರಸಮಟ್ಟ. ಮೇಲ್ತುದಿ ರಸ್ತೆಗೆ ತಾಗಿರಲಿ, ಕೆಳತುದಿಯನ್ನು ನಿಧಾನ ಎತ್ತುತ್ತ ಗುಳ್ಳೆ ನಡುಗೆರೆಗೆ ಬಂದು ನಿಂತಾಗ ಕೈ ತಡೆಯಿರಿ. ಪಟ್ಟಿಯ ಕೆಳತುದಿಗೂ ಡಾಂಬರಿಗೂ ನಡುವಿನ ಅಂತರ ಎಷ್ಟು ಸೆಂಟಿಮೀಟರೋ ಅಷ್ಟೇ ಶೇಕಡಾ ಏರು. ಎಂಟು ಸೆಂ.ಮೀ. ಎಂದರೆ ಶೇ. 8. ಐದಾರು ಕಡೆ ಅಳೆದು ನೋಡಿದರೆ ಶೇ. 6ಕ್ಕೂ ಶೇ. 9ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಎಷ್ಟು ಕಡಿಮೆ, ಕಾಲಿಗೆ ಎಷ್ಟು ಹೆಚ್ಚು ಎಂಬುದು ಗೊತ್ತಾಗುತ್ತದೆ.

ಹೇರ್‌ಪಿನ್ನಿನಲ್ಲಿ ಅಳೆಯಲು ನಿಲ್ಲಬೇಡಿ, ಅಪಾಯ. ಅಲ್ಲಿನ ಲೆಕ್ಕ ತಲೆಯಲ್ಲೇ ಮಾಡಬಹುದು. ತಿರುವಿನ ಒಳಅಂಚು ಮತ್ತು ಹೊರಅಂಚು ಏರುವ ಎತ್ತರ ಒಂದೇ, ಆದರೆ ಒಳಅಂಚಿನ ದೂರ ಕಡಿಮೆ. ಆದ್ದರಿಂದ ಒಳಗಡೆ ಏರು ಕಡಿದು. ನಾವು ಎಡಗಡೆ ಓಡಿಸುವುದರಿಂದ ಹತ್ತುವಾಗ ಎಡತಿರುವುಗಳಲ್ಲೆಲ್ಲ ಒಳಅಂಚು ನಮ್ಮ ಪಾಲಿಗೆ ಬರುತ್ತದೆ, ಬಲತಿರುವುಗಳಲ್ಲಿ ಹೊರಅಂಚು. ಎಡತಿರುವಿಗೆ ಮುಂಚೆಯೇ ಗೇರ್ ಇಳಿಸಿ. ಬಲತಿರುವಿನಲ್ಲಿ ಉಸಿರು ತಿರುಗಿಸಿಕೊಳ್ಳಿ.

ಹಂತ 5: ಏರನ್ನು ನಿಮ್ಮ ಗೇರಿಗೆ ಹೋಲಿಸಿ

ಒಂದೇ ಬೆಟ್ಟ ಒಬ್ಬರಿಗೆ ಏರು, ಇನ್ನೊಬ್ಬರಿಗೆ ಗೋಡೆ. ಇದನ್ನು ಹೇಳುವ ಅಂಕಿ, ಗಂಟೆಗೆ ನೀವು ಎಷ್ಟು ಮೀಟರ್ ಎತ್ತರ ಏರಬಲ್ಲಿರಿ ಎಂಬುದು. ಗೊತ್ತಿರುವ ಒಂದು ಏರನ್ನು ನಿಲ್ಲದೆ ಹತ್ತಿ, ಎತ್ತರವನ್ನು ನಿಮಿಷಗಳಿಂದ ಭಾಗಿಸಿ ಅರವತ್ತರಿಂದ ಗುಣಿಸಿ. ಹೊಸಬರಿಗೆ 400ರಿಂದ 500 ಬರುತ್ತದೆ ಎಂದಿಟ್ಟುಕೊಂಡು ಯೋಜನೆ ಹಾಕುವುದು ಕ್ಷೇಮ. 450 ಹಿಡಿದರೆ 80 ಮೀ. ಏರಿಗೆ ಹತ್ತು ನಿಮಿಷ ಚಿಲ್ಲರೆ, ನಂದಿಗೆ ಐವತ್ತೈದು ನಿಮಿಷದ ಹತ್ತಿರ.

ಈಗ ಆ ಅಂಕಿಯನ್ನು ಶೇಕಡಾ ಏರಿನ ಹತ್ತುಪಟ್ಟಿನಿಂದ ಭಾಗಿಸಿ. ಅದೇ ನಿಮ್ಮ ವೇಗ. ಶೇ. 8ರ ಏರಿನಲ್ಲಿ 450 ಭಾಗಿಸು 80, ಗಂಟೆಗೆ 5.6 ಕಿ.ಮೀ. ಮುಂದೆ 34, ಹಿಂದೆ 28 ಹಲ್ಲಿನ ಗೇರಿನಲ್ಲಿ ಈ ವೇಗಕ್ಕೆ ಪೆಡಲ್ ನಿಮಿಷಕ್ಕೆ 37 ಸುತ್ತು ಮಾತ್ರ ತಿರುಗುತ್ತದೆ. ಹಿಂದೆ 34 ಹಲ್ಲಿದ್ದರೆ 44 ಸುತ್ತು. ಹಳೆಯ ಸೆಕೆಂಡ್‌ಹ್ಯಾಂಡ್ ರೇಸ್ ಬೈಕುಗಳಲ್ಲಿ ಸಿಗುವ 39ಕ್ಕೆ 25ರ ಗೇರಿನಲ್ಲಾದರೆ 28 ಸುತ್ತು. ನಿಮಿಷಕ್ಕೆ ಐವತ್ತರ ಕೆಳಗೆ ಇಳಿದರೆ ಭಾರವೆಲ್ಲ ಮಂಡಿಯ ಮೇಲೆ. ಮೂವತ್ತಕ್ಕೆ ಬಂದರೆ ಸೈಕಲ್ ತೂಗಾಡಲು ಶುರುವಾಗುತ್ತದೆ, ಪಕ್ಕದಲ್ಲಿ ಬಸ್ಸು ಹಾಯುವಾಗ ಅದು ತೀರಾ ಅಪಾಯ.

ಆದ್ದರಿಂದ ನಾಲ್ಕನೇ ಹಂತದಲ್ಲಿ ಗೆರೆ ಎಳೆದ ಸಾಲುಗಳಿಗೆ ಈ ಲೆಕ್ಕ ಮಾಡಿ ನೋಡಿ. ಸುತ್ತು ಐವತ್ತಕ್ಕಿಂತ ತುಂಬಾ ಕೆಳಗಿದ್ದರೆ ಮೊದಲು ದೊಡ್ಡ ಕ್ಯಾಸೆಟ್ ಹಾಕಿಸಿ. ಅದನ್ನು ಅವಮಾನ ಎಂದು ಯಾರೂ ತಿಳಿಯಬಾರದು. ಆದರೆ ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಎಷ್ಟು ಹಲ್ಲಿನವರೆಗೆ ತಾಳುತ್ತದೆ, ಚೈನಿನ ಉದ್ದ ಸಾಕೇ ಎಂದು ಮೆಕ್ಯಾನಿಕ್ ಹತ್ತಿರ ಕೇಳದೆ ಕ್ಯಾಸೆಟ್ ಕೊಳ್ಳಬೇಡಿ.

ಹಂತ 6: ರಸ್ತೆಯಲ್ಲಿ ಹತ್ತು ನಿಮಿಷದ ಪರೀಕ್ಷೆ

ಲೆಕ್ಕ ಮುಗಿಯಿತು, ಈಗ ಸೈಕಲ್ ಹತ್ತಿ. ಬುಡಕ್ಕೆ ಬರುವ ಮುಂಚೆ ವೇಗ ತಗ್ಗಿಸಿ, ಓಟದ ಬಲವಿಲ್ಲದೆ ಏರು ಹತ್ತಲು ಶುರು ಮಾಡಿ. ಕೂತೇ ತುಳಿಯಿರಿ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ಉಸಿರು ಇರಲಿ. ಹೀಗೆ ಹತ್ತು ನಿಮಿಷವಾದರೂ ತುದಿ ಬರದಿದ್ದರೆ ನಿಮ್ಮ ಮಟ್ಟಿಗೆ ಅದು ನಿಜವಾದ ಬೆಟ್ಟ. ಎರಡು ನಿಮಿಷದ ದಿಣ್ಣೆಯನ್ನು ದಮ್ಮು ಕಟ್ಟಿ, ಎದ್ದು ನಿಂತು ತುಳಿದು ದಾಟಬಹುದು. ಹತ್ತು ನಿಮಿಷದ್ದನ್ನು ಹಾಗೆ ದಾಟಲಾಗದು, ಅಲ್ಲಿ ಉಳಿಸಿಕೊಂಡು ತುಳಿಯುವುದನ್ನು ಕಲಿಯಲೇಬೇಕು. ಈ ವ್ಯತ್ಯಾಸಕ್ಕಾಗಿಯೇ ದಿಣ್ಣೆಗಳ ಅಭ್ಯಾಸ ಬೆಟ್ಟಕ್ಕೆ ಸಾಲುವುದಿಲ್ಲ.

ಕಣ್ಣು ಇಲ್ಲೂ ಮೋಸ ಮಾಡುತ್ತದೆ. ಇಳಿಜಾರಿನ ನಂತರ ಬರುವ ಸಮತಟ್ಟು ಏರಿನಂತೆ ಕಾಣುತ್ತದೆ. ಕಡಿದಾದ ಏರಿನ ನಂತರದ ಶೇ. 2ರ ಏರು ಇಳಿಜಾರಿನಂತೆ ಕಂಡು, 'ಇಳಿಜಾರಲ್ಲೂ ಸೈಕಲ್ ಯಾಕೆ ಎಳೆಯುತ್ತಿದೆ, ಬ್ರೇಕ್ ಉಜ್ಜುತ್ತಿದೆಯಾ?' ಎಂಬ ಅನುಮಾನ ಬರುತ್ತದೆ. ಚೀಟಿ ನೋಡಿ.

*ನಿಲ್ಲಬೇಕಾದ ಸೂಚನೆಗಳು:* ಮಂಡಿಚಿಪ್ಪಿನ ಮುಂದೆ ಚುಚ್ಚುವ ನೋವು, ತಲೆ ಹಗುರಾಗುವುದು, ಬೆವರು ನಿಂತು ಮೈ ಚಳಿಯಾಗುವುದು, ಎದೆಯಲ್ಲಿ ಬಿಗಿತ. ಏರಿನಲ್ಲಿ ವೇಗ ಕಡಿಮೆ, ಎದುರುಗಾಳಿ ಮೈ ಆರಿಸುವುದಿಲ್ಲ. ಕರಾವಳಿ ಕಡೆಯಿಂದ ಹತ್ತುವ ಘಾಟಿಗಳಲ್ಲಿ ಸೆಕೆ ಬೇರೆ. ಎದೆ ಬಿಗಿತ ಬಂದರೆ ಸ್ವಲ್ಪ ಕೂತು ಮುಂದುವರಿಯುವ ಮಾತೇ ಇಲ್ಲ, ಆಸ್ಪತ್ರೆಗೆ ಹೋಗಬೇಕು.

ಹಂತ 7: ಒಟ್ಟು ಎತ್ತರವನ್ನು ಬೆಟ್ಟ ಎಂದುಕೊಳ್ಳಬೇಡಿ

'100 ಕಿ.ಮೀ., 1,000 ಮೀ. ಏರು' ಎಂದು ರೈಡಿನ ಪೋಸ್ಟರಿನಲ್ಲಿದ್ದರೆ ಅದರಲ್ಲಿ ಒಂದೇ ಒಂದು ಬೆಟ್ಟ ಇಲ್ಲದಿರಬಹುದು. ಬಯಲುಸೀಮೆಯ ಉಬ್ಬುತಗ್ಗಿನ ದಾರಿಯಲ್ಲಿ ಹದಿನೈದು ಮೀಟರಿನ ದಿಣ್ಣೆಗಳೇ ಕೂಡಿ ಅಷ್ಟಾಗುತ್ತದೆ. ಅದೇ 1,000 ಮೀ. ಎರಡು ಘಾಟಿಗಳಲ್ಲಿ ಬಂದರೆ ಅದು ಬೇರೆಯದೇ ರೈಡು, ಬೇರೆಯದೇ ಗೇರು. 200 ಕಿ.ಮೀ. ಬಿಆರ್‌ಎಂಗೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ರೈಡು) ಸಿಗುವುದು 13 ಗಂಟೆ 30 ನಿಮಿಷ. ಒಟ್ಟು ಎತ್ತರ ನೋಡಿ ಹೆಸರು ಕೊಟ್ಟವರು ಘಾಟಿಯಲ್ಲಿ ಎರಡು ಗಂಟೆ ಹೋದಾಗ ಕಂಗಾಲಾಗುತ್ತಾರೆ. ರೂಟ್ ಫೈಲ್ ತೆರೆದು 80 ಮೀ. ದಾಟುವ ಏರುಗಳನ್ನಷ್ಟೇ ಎಣಿಸಿ, ಅವು ಎಷ್ಟನೇ ಕಿಲೋಮೀಟರಿನಲ್ಲಿ ಬರುತ್ತವೆ ಎಂದು ನೋಡಿ. 150ನೇ ಕಿಲೋಮೀಟರಿನಲ್ಲಿ ಬರುವ ಶೇ. 5, ಬೆಳಗಿನ ಶೇ. 8ಕ್ಕೆ ಸಮ ಎಂದೇ ಭಾವಿಸಿ ಗೇರ್ ಆರಿಸಿ.

ಹಂತ 8: ಇಳಿಯುವುದನ್ನೂ ಅಳತೆಗೆ ಸೇರಿಸಿ

ಹತ್ತಿದ ಎತ್ತರದ ಒಂದು ಪಾಲು ಇಳಿಯುವಾಗ ಬ್ರೇಕಿನಲ್ಲಿ ಬಿಸಿಯಾಗಿ ಹೊರಬರುತ್ತದೆ. ಹೊರಡುವ ಹಿಂದಿನ ದಿನ ಬ್ರೇಕ್ ಪ್ಯಾಡಿನ ಗೀರುಗಳು ಇನ್ನೂ ಕಾಣುತ್ತವೆಯೇ ನೋಡಿ. ಸವೆದಿದ್ದರೆ ಬದಲಿಸಿ. ಇಳಿಯುವಾಗ ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ತಿರುವಿನಲ್ಲಿ ಬಿಡಿ, ರಿಮ್ ಅಥವಾ ಡಿಸ್ಕ್ ಆರಲು ಸಮಯ ಕೊಡಿ. ಲಿವರ್ ಹ್ಯಾಂಡಲ್ ಕಡೆಗೆ ಮೊದಲಿಗಿಂತ ಹತ್ತಿರ ಬರುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಅಂಗೈ ಜೋಮು ಹಿಡಿದರೆ ಅಗಲವಾದ ಜಾಗ ನೋಡಿ ನಿಲ್ಲಿ. ಬಿಸಿ ರಿಮ್ಮನ್ನು ಮುಟ್ಟಬೇಡಿ, ಅದಕ್ಕೆ ನೀರೂ ಸುರಿಯಬೇಡಿ.

ಮಳೆಗಾಲದಲ್ಲಿ ಘಾಟಿಯ ಒಳತಿರುವುಗಳಲ್ಲಿ ಎಲೆ, ಪಾಚಿ, ಹರಿದುಬಂದ ಜಲ್ಲಿ ಸೇರಿರುತ್ತದೆ. ಬಸ್ಸು ಲಾರಿಗಳು ಹೇರ್‌ಪಿನ್ ತಿರುಗಲು ರಸ್ತೆಯ ಪೂರ್ತಿ ಅಗಲ ಬಳಸುತ್ತವೆ. ಕೆಳಗಿನಿಂದ ಹಾರ್ನ್ ಕೇಳಿದರೆ ತಿರುವಿಗೆ ಮುಂಚೆಯೇ ಎಡಕ್ಕೆ ಸರಿದು ನಿಂತು, ಅದು ಹತ್ತಿ ಹೋದ ಮೇಲೆ ಇಳಿಯಿರಿ. ಮಂಜು ಕವಿದಿದ್ದರೆ ಹಿಂದೆ ಮುಂದೆ ಎರಡೂ ದೀಪ ಹಚ್ಚಿರಿ. ರಸ್ತೆಯ ಬಿಳಿ ಗೆರೆ ಹತ್ತು ಮೀಟರಿನಾಚೆ ಕಾಣದಿದ್ದರೆ ಮಂಜು ಸರಿಯುವವರೆಗೆ ಮೇಲೆಯೇ ಕಾಯಿರಿ.